ಅಪ್ಪನ ಕೈಗೆ ಕೋವಿ

ಸ್ಟೌಫ್‌ವಿಲ್, 3 ಅಕ್ಟೋಬರ್ 2024

ಪ್ರೀತಿಯ ದೊಡ್ಡಮ್ಮ,

ವಾಟ್ಸಾಪ್ ಇರುವಾಗ ಈ ಹರ್ಷಿತ್ ಯಾಕೆ ಇಮೇಲ್ ಹಾಕ್ತಾನೆ ಅಂತ ನಿಮಗೆ ಅನಿಸಬಹುದು. ಫ್ಯಾಮಿಲಿ ಗ್ರೂಪಲ್ಲಿ ಏನು ಹಾಕಿದರೂ ಐದು ನಿಮಿಷದಲ್ಲಿ ಅದರ ಮೇಲೆ ಗುಡ್ ಮಾರ್ನಿಂಗ್ ಹೂವುಗಳು ಬಂದು ಕೂತುಬಿಡ್ತವೆ. ಮತ್ತೆ ಅಮ್ಮ ಎಲ್ಲ ಓದ್ತಾಳೆ. ಇದು ಸೀರಿಯಸ್ ವಿಷಯ.

ಮೊದಲೇ ಹೇಳಿಬಿಡ್ತೇನೆ, ಕೆನಡಾದಲ್ಲಿ ನಿಮಗೆ ಒಬ್ಬ ಫ್ಯಾನ್ ಇದ್ದರೆ ಅದು ನಾನು. ಇಲ್ಲಿನ ಗನ್ ಪಾಲಿಸಿಯ ಬಗ್ಗೆ ಆನ್‌ಲೈನ್ ಚರ್ಚೆಯ ಒಂದು ಥ್ರೆಡ್ ಉಂಟು, ನಾನು ಯಾವಾಗ ನೋಡಿದರೂ ಅದರಲ್ಲೇ ಬಿದ್ದುಕೊಂಡಿರ್ತೇನೆ. ಅಲ್ಲಿ ಒಬ್ಬ "ಜೀವನದಲ್ಲಿ ಒಮ್ಮೆಯಾದರೂ ಕೋವಿ ಮುಟ್ಟಿದ್ದೀಯಾ, ಮರಿ?" ಅಂತ ಕೆಣಕಿದ. ನಾನು ಬರೆದೆ: ನನ್ನ ಅಮ್ಮನ ಅಕ್ಕ ಪುತ್ತೂರಲ್ಲಿ ಕೋವಿ ಅಂಗಡಿ ನಡೆಸ್ತಾರೆ. ಅಜ್ಜ ತೀರಿಕೊಂಡ ಮೇಲೆ ಒಬ್ಬರೇ. ಕನ್ನಡಕ ಹಾಕದೆ ಜೋಡು ನಳಿಗೆಯ ಕೋವಿ ಬಿಚ್ಚಿ ಜೋಡಿಸ್ತಾರೆ. ಇನ್ನೂರು ಲೈಕ್ ಬಂತು. ನೀವು ಲೆಜೆಂಡ್, ದೊಡ್ಡಮ್ಮ.

ವಿಷಯ ಏನೆಂದರೆ, ಈ ತಿಂಗಳು ಇಪ್ಪತ್ತಾರಕ್ಕೆ ಸ್ಕಾರ್‌ಬರೋದಲ್ಲಿ ನಮ್ಮ ಕರಾವಳಿ ಬಳಗದ ಚರ್ಚಾಸ್ಪರ್ಧೆ. "ಮನೆಯ ರಕ್ಷಣೆಗೆ ಜನರಿಗೆ ಕೋವಿ ಸುಲಭವಾಗಿ ಸಿಗಬೇಕೇ?" ನಾನು 'ಸಿಗಬೇಕು' ಬದಿ. ಕನ್ನಡದಲ್ಲೇ ಮಾತಾಡಬೇಕು. ಆರನೇ ಕ್ಲಾಸಿನವರೆಗೆ ಅಲ್ಲಿ ಕಲಿತದ್ದು ಈಗ ಉಪಯೋಗಕ್ಕೆ ಬಂತು.

ಇಲ್ಲಿನ ಸರ್ಕಾರ ಎರಡು ವರ್ಷದ ಹಿಂದೆ ಪಿಸ್ತೂಲಿನ ವ್ಯಾಪಾರ ನಿಲ್ಲಿಸಿತು. ಕೆಲವು ನಮೂನೆಯ ರೈಫಲ್ ನಿಷೇಧಿಸಿ, ವಾಪಸ್ ಕೊಟ್ಟರೆ ಹಣ ಕೊಡ್ತೇವೆ ಅಂತ ಹೇಳ್ತಾ ಉಂಟು. ಮತ್ತೆ 'ರೆಡ್ ಫ್ಲ್ಯಾಗ್' ಅಂತ ಒಂದು ಕಾನೂನು: ಕೋವಿ ಇರುವವನಿಂದ ಅಪಾಯ ಅಂತ ಮನೆಯವರೋ ನೆರೆಯವರೋ ಕೋರ್ಟಿಗೆ ಹೇಳಿದರೆ ಜಡ್ಜ್ ಅದನ್ನು ತೆಗೆಸಬಹುದು. ನನ್ನ ಪ್ರಕಾರ ಮೂರೂ ವೇಸ್ಟ್. ಕಳ್ಳರು ಲೈಸೆನ್ಸ್ ಮಾಡಿಸಿಕೊಂಡು ಬರ್ತಾರಾ? ಇಲ್ಲಿ ಈಗ ಕಾರಿನ ಕೀಗೋಸ್ಕರ ಮನೆಯ ಬಾಗಿಲು ಒದ್ದು ಒಳಗೆ ಬರ್ತಾರೆ. ಕ್ಲೈನ್‌ಬರ್ಗಿನ ಶ್ರೀಮಂತರ ದೊಡ್ಡ ಮನೆಗಳಿಗೆ ಮಾತ್ರ ಅಂತ ಇತ್ತು. ಈಗ ನಮ್ಮ ಬೀದಿಯಲ್ಲೂ ಒಂದು ಮನೆಗೆ ಆಯಿತು.

ನಿಮ್ಮಲ್ಲಿ ಅಷ್ಟು ಮನೆಗಳಲ್ಲಿ ಕೋವಿ ಉಂಟಲ್ಲ, ಆದರೂ ಜನ ನೆಮ್ಮದಿಯಾಗಿದ್ದಾರಲ್ಲ? ಅದನ್ನು ಬರೆಯಿರಿ. ನೀವೇ ನನ್ನ ಸೋರ್ಸ್.

ನಿಮ್ಮ ಹರ್ಷಿತ್

ಎಡಿಟ್: ಅಮ್ಮನಿಗೆ ಹೇಳಬೇಡಿ.


ಪುತ್ತೂರು, 7 ಅಕ್ಟೋಬರ್ 2024

ಚಿ. ಹರ್ಷಿತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕನ್ನಡಕ ಇಲ್ಲದೆ ಬಿಚ್ಚಿ ಜೋಡಿಸಿದ್ದು ಹತ್ತು ವರ್ಷದ ಹಿಂದಿನ ಮಾತು. ಈಗ ಕನ್ನಡಕ ಹಾಕಿದರೂ ಸ್ಕ್ರೂ ಕಾಣುವುದಿಲ್ಲ. ನಿನ್ನ ಇನ್ನೂರು ಜನರಿಗೆ ಅದನ್ನೂ ತಿಳಿಸು. ಆದರೂ ಓದಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಕೋವಿ ಇರುವುದು ಬೆಳೆ ಕಾಯಲಿಕ್ಕೆ. ಹಂದಿ, ಮಂಗ ಬಂದರೆ ಆಕಾಶಕ್ಕೆ ಒಂದು ಈಡು ಹೊಡೆದು ಹೆದರಿಸಬೇಕು. ಲೈಸೆನ್ಸ್ ಇರುವವರು ಅದನ್ನು ಕಳೆದುಕೊಳ್ಳಲು ತುಂಬಾ ಹೆದರುತ್ತಾರೆ. ಜಾಗದ ಗಲಾಟೆ ಆದರೆ ನಮ್ಮವರು ಬೊಬ್ಬೆ ಹೊಡೆಯುತ್ತಾರೆ, ಕತ್ತಿ ತೋರಿಸುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಕೋವಿ ತೆಗೆಯುವುದು ಅಪರೂಪ.

ಚುನಾವಣೆ ಬಂತೆಂದರೆ ಎಲ್ಲರೂ ಕೋವಿ ಒಯ್ದು ಠಾಣೆಯಲ್ಲಿ ಠೇವಣಿ ಇಡಬೇಕು. ಈ ಸಲ ಲೋಕಸಭೆಗೆ ಕೆಲವರು ನನ್ನ ಅಂಗಡಿಗೂ ತಂದಿಟ್ಟರು. ಗೋಣಿಯಲ್ಲಿ, ಹಳೆ ಸೀರೆಯಲ್ಲಿ; ಒಬ್ಬನಂತೂ ಮಗುವಿನ ಹಾಸಿಗೆಯಲ್ಲಿ ಸುತ್ತಿ ತಂದಿದ್ದ. ಫಲಿತಾಂಶ ಬರುವವರೆಗೆ ಮಂಗಗಳಿಗೆ ಜಾತ್ರೆ. "ಓಟು ನಮ್ಮದು, ಬಾಳೆಕಾಯಿ ಮಂಗನದ್ದು ಅಕ್ಕ" ಎಂದು ಒಬ್ಬರು ಕೌಂಟರಿಗೆ ತಲೆ ಕೊಟ್ಟು ಕೂತರು. ಆದರೆ ತಂದಿಟ್ಟರು. ಕೋವಿ ಇರುವವನೇ ಕಾನೂನಿಗೆ ಹೆಚ್ಚು ಬಗ್ಗುವುದು, ಬೇಕಿದ್ದರೆ ಇದನ್ನು ಹೇಳು.

ನೀನು ಕೇಳಿದ್ದು ಒಂದೇ ಬದಿಯದ್ದು, ನಾನು ಕೊಟ್ಟದ್ದೂ ಒಂದೇ ಬದಿಯದ್ದು. ಆ ಬಾಗಿಲು ಮುರಿದ ಮನೆಯವರು ಈಗ ಹೇಗಿದ್ದಾರೆ?

ಇತಿ,
ಸತ್ಯಭಾಮಾ


ಸ್ಟೌಫ್‌ವಿಲ್, 27 ಅಕ್ಟೋಬರ್ 2024

ದೊಡ್ಡಮ್ಮಾಆಆ,

ಗೆದ್ದೆವು! ಫಸ್ಟ್ ಪ್ರೈಜ್! ನಾನಲ್ಲ, ನಾವು!

ಎದುರು ಬದಿಯಲ್ಲಿ ರಿಯಾ ಅಂತ ಒಬ್ಬಳು. ಇಲ್ಲೇ ಹುಟ್ಟಿದವಳು, ಕನ್ನಡ ತಡವರಿಸ್ತಾಳೆ, ಆದರೆ ಮಾತು ಚೂರಿ. "ಇಲ್ಲಿ ಗನ್ನನ್ನು ಗುಂಡು ತೆಗೆದು, ಬೀಗ ಹಾಕಿ ಇಡ್ಬೇಕು. ಕಳ್ಳ ಬಂದ್ರೆ ನೀವು 'ಒಂದ್ನಿಮಿಷ ಬ್ರೋ, ಕೀ ಹುಡುಕ್ತಾ ಇದ್ದೇನೆ' ಅಂತ ಹೇಳ್ತೀರಾ?" ಅಂದಳು. ಇಡೀ ಹಾಲ್ ನಗಾಡಿತು. ನಾನು ನಿಮ್ಮ ಇಮೇಲ್ ತೆಗೆದು ಓದಿದೆ. ಮಗುವಿನ ಹಾಸಿಗೆ, ಮಂಗನ ಜಾತ್ರೆ, ಕಾನೂನಿಗೆ ಬಗ್ಗುವುದು, ಎಲ್ಲ. ಈಗ ಹಾಲ್ ನನ್ನ ಬದಿಗೆ ಬಂತು. ಪುತ್ತೂರು ಬದಿಯ ಅಂಕಲ್‌ಗಳು "ಸರಿ, ಸರಿ, ಹಾಗೆಯೇ" ಅಂತ ಮೇಜು ಕುಟ್ಟಿದರು. ಮನೆಯಲ್ಲಿ ಕೋವಿ ಇದ್ದರೆ ಅದು ಹೆಚ್ಚಾಗಿ ಆ ಮನೆಯವರಿಗೇ ತಾಗುದು ಅಂತ ಅವಳು ಶುರುಮಾಡಿದಳು. ನಾನು "ಸೋರ್ಸ್ ಏನು?" ಅಂತ ಕೇಳಿದೆ. ಅವಳ ಹತ್ತಿರ ಇತ್ತು, ಒಂದು ಕಟ್ಟು ಕಾಗದ. ಅಷ್ಟರಲ್ಲಿ ಬೆಲ್ ಆಯಿತು. ಲಕ್ಕು!

ಬೆಸ್ಟ್ ಭಾಗ ಇನ್ನು ಮೇಲೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ಅಪ್ಪ. ಕಾರಲ್ಲಿ ಬರುವಾಗ ಹೇಳಿದರು, "ನಿನ್ನ ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಥ ಉಂಟು ಮಾರಾಯ. ನಾನು ನಾಳೆಯೇ ಕೋವಿಯ ಕೋರ್ಸಿಗೆ ಹೆಸರು ಕೊಡ್ತೇನೆ." ಇಲ್ಲಿ ಲೈಸೆನ್ಸಿಗೆ ಮೊದಲು ಕೋರ್ಸ್ ಮಾಡಬೇಕು. ಅಮ್ಮ ಕಿಟಕಿ ಹೊರಗೆ ನೋಡ್ತಾ ಇದ್ದಳು, ಅವಳಿಗೆ ಇದೆಲ್ಲ ಬೋರು. ಆದರೆ ಅಪ್ಪ ಮಾರ್ಚಿನಿಂದ ಹೀಗೆ ನಗಾಡಿರಲೇ ಇಲ್ಲ. ನಿಮ್ಮ ಒಂದು ಇಮೇಲಿನ ಪವರ್ ನೋಡಿ!

ನಿಮ್ಮ ನಂಬರ್ ಒನ್ ಫ್ಯಾನ್,
ಹರ್ಷಿತ್


ಪುತ್ತೂರು, 28 ಅಕ್ಟೋಬರ್ 2024

ಹರ್ಷಿತ್,

ಗೆದ್ದದ್ದು ಸಂತೋಷ. ಮಾರ್ಚಿನಲ್ಲಿ ಏನಾಯಿತು? ಬಾಗಿಲು ಮುರಿದದ್ದು ಯಾರ ಮನೆಯದ್ದು?

ಸತ್ಯಭಾಮಾ


ಸ್ಟೌಫ್‌ವಿಲ್, 10 ನವೆಂಬರ್ 2024

ದೊಡ್ಡಮ್ಮ,

ಸಾರಿ, ಮಿಡ್‌ಟರ್ಮ್ ಇತ್ತು. ಅಲ್ಲ, ಮಿಡ್‌ಟರ್ಮ್ ಮುಗಿದು ವಾರ ಆಯಿತು.

ನಮ್ಮದೇ. ಊರಲ್ಲಿ ಯಾರಿಗೂ ಹೇಳಬಾರದು ಅಂತ ಅಪ್ಪ ಹೇಳಿದ್ದರು. ಎಲ್ಲರೂ ಮಲಗಿದ್ದೆವು. ಶಬ್ದ ಕೇಳಿ ಎದ್ದು ಬರುವಾಗ ಕೆಳಗೆ ಇಬ್ಬರು ಹುಡುಗರು, ಮುಖಕ್ಕೆ ಬಟ್ಟೆ. ನನಗಿಂತ ಚಿಕ್ಕವರು ಅಂತ ಕಾಣ್ತದೆ. ಒಬ್ಬನ ಕೈಯಲ್ಲಿ ಏನೋ ಇತ್ತು. ಅಪ್ಪ ಮೆಟ್ಟಿಲ ಮಧ್ಯದಲ್ಲಿ ನಿಂತು "ತಗೊಳ್ಳಿ, ತಗೊಳ್ಳಿ" ಅಂತ ಹೇಳಿ ಕಾರಿನ ಕೀ ತಾವೇ ಬಿಸಾಡಿದರು. ಅದೂ ಕನ್ನಡದಲ್ಲಿ. ಹೋಗುವಾಗ ಒಬ್ಬ "ಥ್ಯಾಂಕ್ ಯೂ, ಅಂಕಲ್" ಅಂತ ಹೇಳಿ ಹೋದ.

ಯಾರಿಗೂ ಏನೂ ಆಗಲಿಲ್ಲ. ಇನ್ಶೂರೆನ್ಸಿನವರು ಬೇರೆ ಕಾರು ಕೊಟ್ಟರು. ಆದರೆ ತಂಗಿ ಇಂಚರಾ ಆ "ಥ್ಯಾಂಕ್ ಯೂ, ಅಂಕಲ್" ಅನ್ನು ಅವಳ ಫ್ರೆಂಡ್ಸಿಗೆ ಜೋಕಿನ ಹಾಗೆ ಮಾಡಿ ತೋರಿಸಿದಳು, ಹನ್ನೆರಡು ವರ್ಷ ಅಲ್ವಾ ಅವಳಿಗೆ. ಅಪ್ಪ ಅಡುಗೆಮನೆಯಲ್ಲಿದ್ದರು. ಕೇಳಿಸಿತು.

ಆಮೇಲೆ ಅಪ್ಪ ಬಾಗಿಲಿಗೆ ಇನ್ನೆರಡು ಬೀಗ ಹಾಕಿಸಿದರು, ನಾಲ್ಕು ಕಡೆ ಕ್ಯಾಮೆರಾ. ಫೋನಲ್ಲಿ ಅದನ್ನೇ ನೋಡ್ತಾ ಇರ್ತಾರೆ, ಕೆಲಸದಲ್ಲೂ. ಈಗ ಪರವಾಗಿಲ್ಲ. ಕೋರ್ಸ್ ಪಾಸಾದರು, ಕಲಿಸುವವರು "ನಿಮ್ಮಷ್ಟು ಜಾಗ್ರತೆಯವರು ಕ್ಲಾಸಲ್ಲಿ ಯಾರೂ ಇಲ್ಲ" ಅಂದರಂತೆ. ಲೈಸೆನ್ಸಿಗೆ, ಅವರನ್ನು ಚೆನ್ನಾಗಿ ಬಲ್ಲ ಇಬ್ಬರ ಹೆಸರು ಕೊಡಬೇಕು. ಲೈಸೆನ್ಸ್ ಆಫೀಸಿನವರು ಫೋನ್ ಮಾಡಿ ವಿಚಾರಿಸಬಹುದು. ಒಂದು ಮುಕುಂದ್ ಅಂಕಲ್. ನಾವು ಕೆನಡಾಕ್ಕೆ ಬಂದ ಹೊಸದರಲ್ಲಿ ಸ್ಕಾರ್‌ಬರೋದಲ್ಲಿ ಅವರ ಬೇಸ್‌ಮೆಂಟಲ್ಲೇ ಇದ್ದದ್ದು. ಇನ್ನೊಂದು ನಾನು. "ಇಡೀ ಹಾಲ್ ಎದುರು ಹೇಳಿದವ, ಒಬ್ಬ ಆಫೀಸರಿಗೆ ಹೇಳ್ಲಿಕ್ಕೆ ಎಂತ ಕಷ್ಟ?" ಅಂತ ಅಪ್ಪ ನನ್ನ ಬೆನ್ನಿಗೆ ಹೊಡೆದರು.

ಪಿಸ್ತೂಲ್ ಅಂತೂ ಸಿಗುದಿಲ್ಲ. ಯಾವ ರೈಫಲ್ ಒಳ್ಳೆಯದು, ಹೇಳಿ.

ಹರ್ಷಿತ್


ಪುತ್ತೂರು, 13 ನವೆಂಬರ್ 2024

ಚಿ. ಹರ್ಷಿತನಿಗೆ,

ನಿನ್ನ ಅಮ್ಮ ಮೊನ್ನೆ ಫೋನ್ ಮಾಡಿದ್ದಳು. ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಿದ್ದರೆ ನೀನೇ ಅವಳನ್ನು ಕೇಳು. ಅವಳಿಗೆ ಬೋರು ಎಂದು ಬರೆದಿದ್ದೆಯಲ್ಲ, ಅದಕ್ಕೆ ಹೇಳಿದೆ.

ಯಾವ ರೈಫಲ್ ಒಳ್ಳೆಯದು ಎಂದು ಕೇಳಿದ್ದೀ. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಉಂಟು. ಅಜ್ಜ ಕೇಳುತ್ತಿದ್ದರು, ನಾನೂ ಕೇಳುತ್ತೇನೆ. "ಯಾವ ಪ್ರಾಣಿಗೆ?" ಲೈಸೆನ್ಸ್ ಕೊಡುವುದು ಸರ್ಕಾರ. ಚಹಾ ಕೊಟ್ಟು ಕೂರಿಸಿ ಕೇಳುವುದು ನಾನು. ಹಂದಿಯ ಕಾಟ ಇರುವವನು ಹಂದಿಯ ಬಗ್ಗೆಯೇ ಮಾತಾಡುತ್ತಾನೆ. ಎಲ್ಲಿಂದ ನುಗ್ಗುತ್ತದೆ, ಯಾವ ಗದ್ದೆ ತುಳಿಯುತ್ತದೆ, ಮರಿಗಳು ಹೇಗೆ ಸಾಲಾಗಿ ಬರುತ್ತವೆ, ನಿಲ್ಲಿಸಲಿಕ್ಕೇ ಆಗುವುದಿಲ್ಲ. ಬೇರೆ ಕಾರಣಕ್ಕೆ ಬಂದವನು ತನ್ನ ಬಗ್ಗೆಯೇ ಮಾತಾಡುತ್ತಾನೆ. "ನನ್ನನ್ನು ಯಾರು ಅಂತ ತಿಳ್ಕೊಂಡಿದ್ದಾರೆ ಅವರು?" ಎನ್ನುತ್ತಾನೆ. ಅಂಥವನಿಗೆ ನಾನು "ಸ್ಟಾಕ್ ಇಲ್ಲ, ಮಳೆಗಾಲ ಕಳೆದು ಬನ್ನಿ" ಎನ್ನುತ್ತೇನೆ.

ರಿಪೇರಿಗೆ ಬಂದ ಕೋವಿಯದ್ದು ಬೇರೆ ಕಥೆ. ಸುಮಿತ್ರಮ್ಮ ಎನ್ನುವವರು ಒಮ್ಮೆ ಬಸ್ಸಿಳಿದು ಬಂದು, ಗಂಡನ ಕೋವಿ ರಿಪೇರಿ ಆಯಿತಾ ಎಂದು ಕೇಳಿದರು. ಆಯಿತು ಎಂದೆ. "ಆಗದಿದ್ರೆ ಒಳ್ಳೇದಿತ್ತು" ಎಂದು ಹೇಳಿ ಸೆರಗು ಸರಿಮಾಡಿಕೊಂಡು ಹೋದರು. ಆ ಕೋವಿಯ ಸ್ಪ್ರಿಂಗು ಒಂದು ವರ್ಷ ಬರಲೇ ಇಲ್ಲ. ಗಂಡ ಕುಡಿದು ಬಂದು ಅಂಗಡಿ ಮುಂದೆ ನಿಂತು ಬೈಯುತ್ತಿದ್ದ. ಮರುವರ್ಷ ಅವರೇ ಬಂದು "ಸ್ಪ್ರಿಂಗು ಬಂತಾ ಅಕ್ಕ? ಈಗ ಅವರು ಹುಷಾರಾಗಿದ್ದಾರೆ" ಎಂದರು. ಬಂತು ಎಂದೆ.

ಎಲ್ಲ ಸಲ ಸರಿಯಾಗಿಲ್ಲ. ಚಂದ್ರಮೋಹನ ಎನ್ನುವವನ ಅಣ್ಣ ಬಂದು "ತಮ್ಮನ ಮಂಡೆ ಸರಿ ಇಲ್ಲ, ಕೋವಿ ಕೊಡ್ಬೇಡಿ" ಎಂದ. ನಂಬಿದೆ. ಅಣ್ಣನ ಕಣ್ಣು ತಮ್ಮನ ಜಾಗದ ಮೇಲೆ ಎಂದು ಗೊತ್ತಾಗುವಾಗ ಹಂದಿಗಳು ಎರಡು ಬೆಳೆ ತಿಂದು ಮುಗಿಸಿದ್ದವು. ಚಂದ್ರಮೋಹನ ಜಾಗ ಮಾರಿ ಊರು ಬಿಟ್ಟಿದ್ದ. ನಿನ್ನ ರೆಡ್ ಫ್ಲ್ಯಾಗ್ ಕಾನೂನಿನ ಒಳ್ಳೆಯದೂ ಕೆಟ್ಟದ್ದೂ ಇಲ್ಲೇ ಉಂಟು. ಜಡ್ಜ್ ಆಗಿದ್ದರೆ ಇಬ್ಬರನ್ನೂ ಕರೆದು ಕೇಳುತ್ತಿದ್ದ, ನಾನು ಒಬ್ಬನನ್ನೇ ಕೇಳಿದೆ. ಆದರೆ ಸುಮಿತ್ರಮ್ಮ ಜಡ್ಜಿನ ಹತ್ತಿರ ಯಾವತ್ತೂ ಹೋಗುತ್ತಿರಲಿಲ್ಲ.

ಅಂಗಡಿಗೆ ಬಂದವರನ್ನೆಲ್ಲ ಕೇಳುವವಳು ನಿನ್ನನ್ನು ಕೇಳಲಿಲ್ಲ. ನೀನು ಫ್ಯಾನ್ ಎಂದೆ, ನಾನು ಉಬ್ಬಿಹೋದೆ. ಈಗ ಕೇಳುತ್ತೇನೆ. ನಿನ್ನ ಅಪ್ಪನಿಗೆ ಕೋವಿ ಬೇಕಾದದ್ದು ಯಾವ ಪ್ರಾಣಿಗೆ?

ಸತ್ಯಭಾಮಾ


ಸ್ಟೌಫ್‌ವಿಲ್, 17 ನವೆಂಬರ್ 2024

ದೊಡ್ಡಮ್ಮ,

ಓಕೆ. ಪಾಯಿಂಟ್ ಬೈ ಪಾಯಿಂಟ್ ಹೇಳ್ತೇನೆ.

ಒಂದನೆಯದು, ನೀವು ಮಾಡಿದ್ದು ಇಲ್ಲೀಗಲ್. ಲೈಸೆನ್ಸ್ ಇದ್ದವನ ಸ್ವಂತ ಕೋವಿಯನ್ನು ಸುಳ್ಳು ಹೇಳಿ ಇಟ್ಟುಕೊಳ್ಳುವುದು. ನಿಮ್ಮ ಅಂಗಡಿಯಲ್ಲಿ ನೀವೇ ಪೊಲೀಸ್, ನೀವೇ ಜಡ್ಜ್, ನೀವೇ ಸ್ಪ್ರಿಂಗು. ಇದನ್ನೇ ನಾನು ಥ್ರೆಡ್ಡಲ್ಲಿ ವರ್ಷದಿಂದ ಹೇಳ್ತಾ ಇರುದು, ಯಾರೋ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಹಕ್ಕು ಕಿತ್ತುಕೊಳ್ಳುದು ಅಂದರೆ ಹೀಗೆಯೇ. ಚಂದ್ರಮೋಹನನ ಹತ್ತಿರ ಕೇಳಿ ನೋಡಿ.

ಎರಡನೆಯದು, ಇಲ್ಲಿ ಎಲ್ಲಕ್ಕೂ ಸಿಸ್ಟಮ್ ಉಂಟು. ಕೋರ್ಸ್, ಪರೀಕ್ಷೆ, ಪೊಲೀಸ್ ಚೆಕ್. ಹೆಂಡತಿಗೂ ತಿಳಿಸ್ತಾರೆ. ಅಮ್ಮ ಸಹಿ ಹಾಕಿದ್ದಾಳೆ. ನಾನು ಅವಳ ಹತ್ತಿರ ಕೇಳಿದೆ, "ದೊಡ್ಡಮ್ಮನಿಗೆ ಎಂತ ಹೇಳಿದ್ದು ನೀನು?" ಅಂತ. "ಬದನೆಕಾಯಿ ಪಲ್ಯಕ್ಕೆ ಎಷ್ಟು ಹುಳಿ ಅಂತ ಕೇಳಿದ್ದು" ಅಂದಳು.

ಮೂರನೆಯದು, ನನ್ನ ಅಪ್ಪನನ್ನು ನೀವು ಒಬ್ಬ ಕುಡುಕನ ಸಾಲಲ್ಲಿ ನಿಲ್ಲಿಸಿದಿರಿ. ಅಪ್ಪ ಒಂದು ಬಿಯರ್ ಕುಡಿಯುದಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಅಪ್ಪ ಚೆನ್ನಾಗಿದ್ದಾರೆ, ದೊಡ್ಡಮ್ಮ. ನಮ್ಮ ಮನೆಗೆ ಬಂದದ್ದು ಹಂದಿಯಲ್ಲ, ಮನುಷ್ಯರು. ನಿಮ್ಮ ಪ್ರಶ್ನೆ ಇಲ್ಲಿಗೆ ಹೊಂದುದಿಲ್ಲ.

ಇನ್ನು ಬರೆಯಬೇಡಿ ಅಂತ ಹೇಳುದಿಲ್ಲ. ನಾನು ಸ್ವಲ್ಪ ದಿವಸ ಬರೆಯುದಿಲ್ಲ.

ಹರ್ಷಿತ್


ಪುತ್ತೂರು, 20 ನವೆಂಬರ್ 2024

ಹರ್ಷಿತ್,

ಬೈಗುಳ ತಲುಪಿತು. ಕುಡುಕನ ವಿಷಯ ಬರೆದದ್ದು ತಪ್ಪಾಯಿತು. ಉಳಿದದ್ದು ಹಾಗೆಯೇ ಇರಲಿ.

ಸತ್ಯಭಾಮಾ


ಸ್ಟೌಫ್‌ವಿಲ್, 12 ಜನವರಿ 2025

ದೊಡ್ಡಮ್ಮ,

ನೀವು ಸಿಟ್ಟಲ್ಲಿದ್ದರೂ ಇದನ್ನು ಪೂರ್ತಿ ಓದಿ.

ನವೆಂಬರ್ ಹದಿನೈದಕ್ಕೆ ಪ್ರೊಫೆಸರಿಗೆ ಹುಷಾರಿಲ್ಲ ಅಂತ ಕ್ಲಾಸ್ ಇರಲಿಲ್ಲ. ನಾನು ಮಧ್ಯಾಹ್ನವೇ ಟ್ರೈನ್ ಹತ್ತಿ ಮನೆಗೆ ಬಂದೆ. ಫೋನ್ ಚಾರ್ಜ್ ಸತ್ತಿತ್ತು, ಮೆಸೇಜ್ ಹಾಕಲಿಲ್ಲ. ಮುಂದಿನ ಬಾಗಿಲಿಗೆ ಮೂರು ಬೀಗ ಅಂತ ಗ್ಯಾರೇಜಿನಿಂದ ಒಳಗೆ ಹೋದೆ. ಅಪ್ಪ ಕೆಲಸಕ್ಕೆ ಹೋಗಿದ್ದಾರೆ ಅಂತ ನಾನು ತಿಳ್ಕೊಂಡಿದ್ದೆ. ಹೋಗಿರಲಿಲ್ಲ. ಬಾಗಿಲು ತೆರೆದ ಕೂಡಲೇ ನನ್ನ ಕ್ರಿಕೆಟ್ ಬ್ಯಾಟ್ ಬಂತು. ನಾನು ಶೂ ಬಿಚ್ಚಲಿಕ್ಕೆ ಬಗ್ಗಿದೆ, ಅದಕ್ಕೆ ಉಳಿದೆ. ಬಾಗಿಲ ಚೌಕಟ್ಟಿನ ಮರ ಸೀಳಿತು.

ಅಪ್ಪ ನನ್ನ ಮುಖ ನೋಡಿದರು. ನೋಡಿದ ಮೇಲೂ ಬ್ಯಾಟ್ ಕೆಳಗೆ ಇಳಿಯಲಿಲ್ಲ, ದೊಡ್ಡಮ್ಮ. ನಾನು "ಅಪ್ಪ, ನಾನು, ನಾನು" ಅಂತ ಹೇಳ್ತಾ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಇಳಿಸಿದರು. ಆಮೇಲೆ ಚಹಾ ಮಾಡಿದರು. "ಅಮ್ಮನಿಗೆ ಹೇಳ್ಬೇಡ, ಆಯ್ತಾ?" ಅಂದರು. ಇಬ್ಬರೂ ಸೇರಿ ಚೌಕಟ್ಟಿಗೆ ಪುಟ್ಟಿ ತುಂಬಿಸಿ ಪೇಂಟ್ ಹೊಡೆದೆವು. ಸಂಜೆ ಅಮ್ಮ "ಪೇಂಟಿನ ವಾಸನೆ ಎಂತದು?" ಅಂದಳು. "ಮೇಂಟೆನೆನ್ಸ್" ಅಂದೆವು, ಒಟ್ಟಿಗೆ.

ತಾರೀಖು ನೋಡಿದಿರಾ? ನಿಮಗೆ ಪಾಯಿಂಟ್ ಬೈ ಪಾಯಿಂಟ್ ಬರೆದದ್ದು ಇದಾಗಿ ಎರಡನೇ ದಿವಸ.

ಅಪ್ಪ ತಿಂಗಳಲ್ಲಿ ಎಷ್ಟೋ ದಿವಸ ಕೆಲಸಕ್ಕೆ ಹೋಗುದಿಲ್ಲ ಅಂತ ಈಗ ಗೊತ್ತಾಯಿತು. ಮನೆ ಕಾಯ್ತಾರೆ. ಲೈಸೆನ್ಸಿನ ಅಪ್ಲಿಕೇಶನ್ ಹೋಗಿದೆ. ಆಫೀಸಿನಿಂದ ಯಾವಾಗ ಬೇಕಾದರೂ ಫೋನ್ ಬರಬಹುದು. ಫೋನ್ ರಿಂಗಾದರೆ ಬಾತ್‌ರೂಮಿಗೆ ತಗೊಂಡು ಹೋಗಿ ನಂಬರ್ ನೋಡ್ತೇನೆ. ಪಿಜ್ಜಾದವ ಮಾಡಿದರೂ. ಬ್ಯಾಟಿನ ವಿಷಯ ಆಫೀಸಿಗೆ ಹೇಳಿದರೆ ಅಪ್ಪ ಮಾರ್ಚಿನಿಂದ ಹಿಡಿದುಕೊಂಡ ಒಂದೇ ಒಂದು ವಸ್ತುವನ್ನು ನಾನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಮುಂದಿನ ಸಲ ಆ ಬಾಗಿಲಲ್ಲಿ ಇಂಚರಾ ಇರಬಹುದು, ಅವರ ಕೈಯಲ್ಲಿ ಬ್ಯಾಟ್ ಇರುದಿಲ್ಲ.

ಎಂತ ಹೇಳಲಿ?

ಹರ್ಷಿತ್


ಪುತ್ತೂರು, 13 ಜನವರಿ 2025

ಮಗಾ,

ಎಂತ ಹೇಳಬೇಕೆಂದು ನಾನು ಬರೆಯುವುದಿಲ್ಲ. ಒಮ್ಮೆ ನಾನು ಬರೆದುಕೊಟ್ಟೆ, ನೀನು ಮೈಕಿನಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಇದನ್ನೂ ಹಾಗೆಯೇ ಓದಿಬಿಡುತ್ತೀ.

ಆ ಅಧಿಕಾರಿಗೆ ನಿನ್ನ ಅಭಿಪ್ರಾಯ ಬೇಕಾಗಿಲ್ಲ, ನನ್ನದಂತೂ ಬೇಡವೇ ಬೇಡ. ನಿನ್ನ ಕಣ್ಣಿಗೆ ಕಂಡದ್ದು ನನ್ನ ಹತ್ತಿರ ಇಲ್ಲ, ನಿನ್ನ ಥ್ರೆಡ್ಡಿನವರ ಹತ್ತಿರವೂ ಇಲ್ಲ.

ಯಾವುದನ್ನು ಹೇಳಿದರೂ ನಿನಗೆ ನೆಮ್ಮದಿ ಸಿಗುವುದಿಲ್ಲ, ಅದನ್ನು ಕಾಯಬೇಡ. ಪೆಟ್ಟು ಬೀಳಲಿಲ್ಲ ತಾನೇ? ಸರಿಯಾಗಿ ಬರೆ. ಊಟ ಮಾಡು.

ದೊಡ್ಡಮ್ಮ


ಸ್ಟೌಫ್‌ವಿಲ್, 24 ಜನವರಿ 2025

ದೊಡ್ಡಮ್ಮ,

ಪೆಟ್ಟು ಬೀಳಲಿಲ್ಲ. ಪ್ರಾಮಿಸ್.

ಫೋನ್ ನಿನ್ನೆ ಬಂತು. ನಾನು ಯೂನಿಯನ್ ಸ್ಟೇಷನ್ನಿಂದ ಮನೆಗೆ ಬರುವ ಟ್ರೈನಲ್ಲಿದ್ದೆ. ಒಬ್ಬ ಹೆಂಗಸು, ಹವಾಮಾನ ವರದಿ ಓದುವ ಹಾಗಿನ ಸ್ವರ. ಅಪ್ಪ ನನಗೆ ಎಷ್ಟು ವರ್ಷದಿಂದ ಗೊತ್ತು ಅಂತ ಕೇಳಿದರು. "ಹುಟ್ಟಿದಾಗಿನಿಂದ" ಅಂದೆ. ನಗಲಿಲ್ಲ. ಅಪ್ಪನ ಕೈಗೆ ಕೋವಿ ಬಂದರೆ ಯಾರಿಗಾದರೂ ಅಪಾಯ ಅಂತ ಅನಿಸ್ತದಾ ಅಂತ ಕೇಳಿದರು.

ನನ್ನ ಫೋನಲ್ಲಿ ಎರಡೂ ಬದಿಯ ಪಾಯಿಂಟುಗಳು ಇದ್ದವು. ಯಾವುದನ್ನೂ ತೆರೆಯಲಿಲ್ಲ. ಬ್ಯಾಟಿನ ವಿಷಯ ಹೇಳಿದೆ. ಪೇಂಟ್ ಹೊಡೆದದ್ದೂ ಹೇಳಿದೆ, ಅದು ಯಾಕೆ ಹೇಳಿದೆನೋ. ಎದುರು ಸೀಟಿನ ಅಜ್ಜಿ ಹೆಣೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡ್ತಾ ಇದ್ದರು. ಕೊನೆಗೆ ಆ ಹೆಂಗಸು "ಇನ್ನೇನಾದರೂ ಹೇಳಲಿಕ್ಕುಂಟಾ?" ಅಂದರು. "ನನ್ನ ಅಪ್ಪ ಒಳ್ಳೆಯವರು" ಅಂದೆ. "ಅದನ್ನೂ ಬರೆದುಕೊಳ್ತೇನೆ" ಅಂದರು. ಅಷ್ಟೇ.

ನಾನು ಮಾಡಿದ್ದು ಸರಿಯಾ ಅಂತ ಥ್ರೆಡ್ಡಲ್ಲಿ ಟೈಪ್ ಮಾಡಿದೆ. ಡಿಲೀಟ್ ಮಾಡಿದೆ.

ಹರ್ಷಿತ್


ಸ್ಟೌಫ್‌ವಿಲ್, 16 ಫೆಬ್ರವರಿ 2025

ದೊಡ್ಡಮ್ಮ,

ಮಂಡೆ ಬಿಸಿ ಆಗಿ ಕೂರಲಿಕ್ಕೆ ಆಗ್ತಾ ಇಲ್ಲ.

ಲೈಸೆನ್ಸ್ ತಡೆದಿದ್ದಾರೆ. 'ಒಂದು ಆತಂಕದ ವಿಷಯ ಗಮನಕ್ಕೆ ಬಂದಿದೆ, ಡಾಕ್ಟರಿಂದ ಪತ್ರ ತನ್ನಿ, ಆಮೇಲೆ ನೋಡುವ' ಅಂತ. ಯಾರು ಹೇಳಿದ್ದು ಅಂತ ಹೇಳಲಿಲ್ಲ. ಹೆಸರು ಕೊಟ್ಟದ್ದು ಇಬ್ಬರದ್ದು. ನಾನಾಗಿರಬಹುದು ಅಂತ ಅಪ್ಪನಿಗೆ ಹೊಳೆಯಲೇ ಇಲ್ಲ.

"ಮುಕುಂದನದ್ದೇ ಕೆಲಸ" ಅಂದರು. "ಈಗಲೂ ನಾವು ಅವನ ಬೇಸ್‌ಮೆಂಟಲ್ಲೇ ಇರ್ಬೇಕು ಅವನಿಗೆ."

ಕಳೆದ ಭಾನುವಾರ ಮುಕುಂದ್ ಅಂಕಲ್ ಬಂದರು. ಬೆಲ್ ಮಾಡಿದರು. ಅಪ್ಪ ಸೋಫಾದಲ್ಲಿ ಕೂತು ಫೋನಲ್ಲಿ ಕ್ಯಾಮೆರಾ ನೋಡ್ತಾ ಇದ್ದರು, ಏಳಲಿಲ್ಲ. ಅಂಕಲ್ ಕ್ಯಾಮೆರಾಕ್ಕೆ ಮುಖ ಹತ್ತಿರ ತಂದು ಹೇಳಿದರು, "ದಾಸಾ, ನಾನು ಮಾರಾಯ, ಮುಕುಂದ. ಕಳ್ಳ ಅಲ್ಲ. ಪತ್ರೊಡೆ ತಂದಿದ್ದೇನೆ, ಆರ್ತಾ ಉಂಟು." ಅಪ್ಪ ಫೋನ್ ಮಗುಚಿ ಇಟ್ಟರು. ಅಮ್ಮ ಬಾಗಿಲ ಹತ್ತಿರ ಹೋದವಳು ಅರ್ಧದಲ್ಲಿ ನಿಂತಳು. ಅವರು ಡಬ್ಬಿಯನ್ನು ಹಿಮದ ಮೇಲೆ ಇಟ್ಟು ಹೋದರು.

ನೀವೂ ಸ್ಪ್ರಿಂಗು ಬರಲಿಲ್ಲ ಅಂತ ಒಂದು ವರ್ಷ ಸುಮ್ಮನಿದ್ದಿರಲ್ಲ? ನಾನೂ ಸುಮ್ಮನಿದ್ದರೆ ಆಗುದಿಲ್ವಾ? ಅಪ್ಪನ ಸಿಟ್ಟು ತಣಿಯುವವರೆಗೆ?

ಹರ್ಷಿತ್


ಪುತ್ತೂರು, 17 ಫೆಬ್ರವರಿ 2025

ಹರ್ಷಿತ್,

ನನ್ನ ಸುಳ್ಳಿಗೆ ಬೈಗುಳ ನಾನೇ ತಿಂದೆ, ಅಂಗಡಿ ಬಾಗಿಲಲ್ಲಿ ನಿಂತು. ನಿನ್ನ ನಿಜಕ್ಕೆ ಯಾರು ತಿನ್ನುತ್ತಿದ್ದಾರೆ ನೋಡು.

ನನಗೆ ಕಾಗದ ಬರೆದದ್ದು ಸಾಕು. ಕೆಳಗೆ ಇಳಿದು ಹೋಗು. ಅಪ್ಪ ಇರುವುದು ನಿನ್ನ ಕೋಣೆಯಿಂದ ಒಂದು ಮಹಡಿ ಕೆಳಗೆ, ಪುತ್ತೂರಿನಲ್ಲಿ ಅಲ್ಲ.

ದೊಡ್ಡಮ್ಮ


ಸ್ಟೌಫ್‌ವಿಲ್, 2 ಮಾರ್ಚ್ 2025

ದೊಡ್ಡಮ್ಮ,

ಹೇಳಿದೆ. ನೀವು ಹೇಳಿದ ದಿವಸವೇ ಅಲ್ಲ. ಆರು ಸಲ ಕೆಳಗೆ ಇಳಿದು ನೀರು ಕುಡಿದು ಮೇಲೆ ಹೋದೆ.

ಹೇಳಿದ್ದು ಕಳೆದ ಶನಿವಾರ ಬೆಳಿಗ್ಗೆ, ಇಬ್ಬರೂ ಮನೆ ಎದುರಿನ ಹಿಮ ತೆಗೆಯುವಾಗ. "ಮುಕುಂದ್ ಅಂಕಲ್ ಅಲ್ಲ ಅಪ್ಪ. ನಾನು." ಅಪ್ಪ ನಿಲ್ಲಿಸಲಿಲ್ಲ. ಕಾರಿನ ಆಚೆ ಬದಿಯವರೆಗೂ ತೆಗೆದುಕೊಂಡು ಹೋದರು. ನಾನು ಹಿಂದೆ ಹೋದೆ. ನನ್ನ ಹತ್ತಿರ ಎಷ್ಟೋ ಪಾಯಿಂಟ್ ರೆಡಿ ಇತ್ತು, ಇಂಚರಾ, ಅಮ್ಮ, ರಿಯಾ ಹೇಳಿದ್ದು, ನೀವು ಹೇಳಿದ್ದು.

"ಎಷ್ಟು ಹೊತ್ತು ಮಾತಾಡಿದ್ರು ನಿನ್ನ ಹತ್ರ?" ಅಂತ ಕೇಳಿದರು.

"ಹತ್ತು ನಿಮಿಷ ಇರಬಹುದು."

"ಹತ್ತು ನಿಮಿಷ." ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿದರು. "ಪುಣ್ಯವಂತೆ, ಗುರುತಿಲ್ಲದ ಹೆಂಗಸು, ಹತ್ತು ನಿಮಿಷ ನನ್ನ ವಿಷಯ ಕೇಳಿದಳು. ಈ ಮನೆಯಲ್ಲಿ ಎಂತ ಕೇಳ್ತೀರಿ ನೀವು? ಬೀಗ ಹಾಕಿದ್ರಾ. ಕೋರ್ಸ್ ಹೇಗಿತ್ತು. ಲೈಸೆನ್ಸ್ ಯಾವಾಗ ಬರ್ತದೆ. ಒಂದು ವರ್ಷ ಆಯ್ತು. ನಿದ್ರೆ ಬರ್ತದಾ ಅಂತ ಒಬ್ಬರು ಕೇಳಿದ್ದುಂಟಾ?"

ನನ್ನ ಪಾಯಿಂಟ್ ಎಲ್ಲ ಬಿಟ್ಟು ಅದನ್ನೇ ಕೇಳಿದೆ.

"ಬರ್ತದಾ ಅಪ್ಪ?"

"ಇಲ್ಲ" ಅಂದರು. ಮತ್ತೆ ಸಲಿಕೆ ತಗೊಂಡರು.

ಒಳಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡವರು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಅಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಹೋಗು ಅಂತ ಕೈಸನ್ನೆ ಮಾಡಿದಳು. ಸಂಜೆ ಅಪ್ಪ ಸ್ಕಾರ್‌ಬರೋಗೆ ಒಬ್ಬರೇ ಹೋದರು. ಮುಕುಂದ್ ಅಂಕಲ್ ಜೊತೆ ಏನು ಮಾತಾಡಿದರು ಅಂತ ಹೇಳಲಿಲ್ಲ. ಬಂದವರು ಬೀಗ ಮೂರೂ ಹಾಕಿದರು, ಎರಡೆರಡು ಸಲ ಎಳೆದು ನೋಡಿದರು. ಅದೇನೂ ಬದಲಾಗಿಲ್ಲ. ನನ್ನ ಹತ್ತಿರ ವಾರ ಪೂರ್ತಿ "ಉಪ್ಪು ಕೊಡು", "ರಿಮೋಟ್ ಎಲ್ಲಿ" ಬಿಟ್ಟು ಬೇರೆ ಮಾತಿಲ್ಲ.

ಈ ಬುಧವಾರ ಡಾಕ್ಟರ್ ಅಪಾಯಿಂಟ್‌ಮೆಂಟ್. ಅವರು 'ಏನೂ ತೊಂದರೆ ಇಲ್ಲ' ಅಂತ ಬರೆದುಕೊಟ್ಟರೆ ಲೈಸೆನ್ಸಿನ ದಾರಿ ಮತ್ತೆ ತೆರೆಯಬಹುದು. ಅದಕ್ಕೇ ಹೋಗುದು ಅಂತ ನಾನು ತಿಳ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ದೋಸೆ ತಿನ್ನುವಾಗ ತಟ್ಟೆ ನೋಡಿಕೊಂಡೇ ಕೇಳಿದರು.

"ಬುಧವಾರ ಕ್ಲಾಸ್ ಉಂಟಾ ನಿನಗೆ?"

"ಯಾಕೆ?"

"ಡಾಕ್ಟರ್ ಹತ್ರ ನೀನೂ ಬಾ. ಆ ಬ್ಯಾಟಿನ ವಿಷಯ ನೀನೇ ಹೇಳು. ನಾನು ಹೇಳಿದ್ರೆ ಚಿಕ್ಕದು ಮಾಡಿ ಹೇಳ್ತೇನೆ."

ಬುಧವಾರ ಕ್ಲಾಸ್ ಉಂಟು, ದೊಡ್ಡಮ್ಮ. ಇಲ್ಲ, ಬರ್ತೇನೆ ಅಂದೆ.

ಹರ್ಷಿತ್